ಗ್ಲೇಜ್ ಹಚ್ಚಿದ ಮಡಕೆಗಳು

ಬಾಯಾರು ಎಂಬ ಊರಿನಲ್ಲಿ ಮಡಕೆ ಮಾಡುವ ಕಮಲಕ್ಕನಿಗೆ ಗ್ಲೇಜ್ ಹಚ್ಚಲು ಕಲಿಸುವುದು ನನ್ನ ಕೆಲಸವಾಗಿತ್ತು. ಗ್ಲೇಜ್ ಅಂದರೆ ಬೆಂಕಿಯಲ್ಲಿ ಕರಗಿ ಗಾಜಾಗುವ ಲೇಪ ಎಂದು ವಿವರಿಸಿದೆ.

"ಮತ್ತೆ ನೀರು ತಂಪಾಗ್ತದಾ?"

"ಇಲ್ಲ, ನೀರು ಜಿನುಗುವುದಿಲ್ಲವಲ್ಲ. ಆದರೆ ಪೇಟೆಯವರಿಗೆ ಹೊಳಪು ಬೇಕು."

"ನಾನು ಮಡಕೆ ಸುಡುವ ಆವಿಗೆಯಲ್ಲಿ ಉರಿಯುವುದು ತೆಂಗಿನ ಸಿಪ್ಪೆ ಮಾರಾಯ್ರೆ. ಗಾಜು ಕರಗುವಷ್ಟು ಬಿಸಿ ಎಲ್ಲಿ ಉಂಟು?"

ನಾನು ಪುಸ್ತಕ ನೋಡಿ, ಸಾಕಾಗುತ್ತದೆ ಎಂದೆ. ವಿಷು ಹಬ್ಬಕ್ಕೆ ಮಾರಲೆಂದು ಅವರು ತಿಂಗಳಿಡೀ ಮಾಡಿಟ್ಟಿದ್ದ ಮಡಕೆಗಳಿಗೆಲ್ಲ ಲೇಪ ಹಚ್ಚಿಸಿದೆ.

ಆವಿಗೆ ತೆರೆದಾಗ ಲೇಪ ಕರಗಿರಲಿಲ್ಲ. ಮಡಕೆಗಳ ಮೈಯೆಲ್ಲ ಬಿಳಿ ಹುಡಿ ಮೆತ್ತಿಕೊಂಡು ಕಜ್ಜಿ ಹಿಡಿದಂತಿತ್ತು. ಕಮಲಕ್ಕ ಒಂದನ್ನು ಸೆರಗಿನಿಂದ ಉಜ್ಜಿ ಉಜ್ಜಿ, ಕೊನೆಗೆ ಕೆಳಗಿಟ್ಟರು.

ವಿಷುವಿಗೆ ಒಂದೂ ಮಾರಾಟವಾಗಲಿಲ್ಲ. ಮರುವಾರ ನಾನು ತರಬೇತಿಯ ವರದಿ ಬರೆಯಲು ಹೋಗಿದ್ದಾಗ ಒಬ್ಬ ಬಂದು, ತೀರಿಕೊಂಡ ಅಪ್ಪನ ಚಿತೆಗೆ ಸುತ್ತು ಬರುವಾಗ ಹೊರಲು ಮಡಕೆ ಕೇಳಿದ. ಬಿಳಿ ಹುಡಿ ಕಂಡು ಹಿಂಜರಿದ.

"ಕೊಂಡೋಗಿ," ಎಂದರು ಕಮಲಕ್ಕ. "ಹೇಗೂ ಒಡೆಯಲಿಕ್ಕಲ್ಲವಾ?"

ಅವನು ಕೊಂಡುಹೋದ. ನನ್ನ ತರಬೇತಿಯ ಮಾಲಿಗೆ ಸಿಕ್ಕಿದ ಗಿರಾಕಿ ಅವನೊಬ್ಬನೇ. ಅವನೂ ಮತ್ತೆ ಬರುವಂತಿರಲಿಲ್ಲ, ಇನ್ನೊಬ್ಬ ಅಪ್ಪ ಇರಲಿಲ್ಲವಲ್ಲ.