ಎಡೆಯ ಹೋಳಿಗೆ

ನಿವೃತ್ತನಾದ ಮೇಲೆ ನನ್ನ ಬಲಗೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟ ಹಿಡಿದಾಗ, ಆಮೇಲೆ ಅಂಗಿಯ ಗುಂಡಿ ಹಾಕುವಾಗ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಅಕ್ಷರ ದುಂಡಗಿರಬೇಕು ಎಂದು ಮಕ್ಕಳಿಗೆ ಗದರಿದವನ ಸಹಿ ಒಂದು ದಿನ ಬ್ಯಾಂಕಿನಲ್ಲಿ ಹೊಂದಲಿಲ್ಲ. ದಾವಣಗೆರೆಯಲ್ಲಿ ನರರೋಗದ ಡಾಕ್ಟರನ್ನು ಕಂಡೆ. ನನ್ನ ಮಗಳ ವಯಸ್ಸಿನವರು. ಪಾರ್ಕಿನ್ಸನ್ ಎಂದು ಮೆಲ್ಲಗೆ ಹೇಳಿ ಮಾತ್ರೆ ಬರೆದುಕೊಟ್ಟರು. ಆಮೇಲೆ ಅವರು ಹೇಳಿದ್ದೇನೂ ನನ್ನ ತಲೆಗೆ ಹೋಗಲಿಲ್ಲ. ಪ್ರಮಾಣ ಏರಿಸುತ್ತ ಹೋದಂತೆ ಕೈ ಹಿಡಿತಕ್ಕೆ ಬಂತು. ಹಳೆಯ ಗೆಳೆಯರಿಗೆಲ್ಲ ಕಾರಣವಿಲ್ಲದೆ ಕಾಗದ ಬರೆದೆ.

ಅದರ ಹಿಂದೆಯೇ ಹಸಿವು ಬಂತು. ಹಸಿವು ಎಂದರೆ ಹೊಟ್ಟೆಯದಲ್ಲ. ರೊಟ್ಟಿ, ಅನ್ನ, ಮಜ್ಜಿಗೆ ಎಲ್ಲ ಮುಗಿಸಿ ಎದ್ದು ಕೈ ತೊಳೆಯುವಾಗಲೇ ಕಣ್ಣು ಅಡುಗೆಮನೆಯ ಡಬ್ಬಗಳ ಮೇಲೆ ಹೋಗುತ್ತಿತ್ತು. ಹೊಟ್ಟೆ ಬಿರಿಯುತ್ತಿದ್ದರೂ ‘ಬೇಕು’ ಅನ್ನುವುದು ನಿಲ್ಲುತ್ತಿರಲಿಲ್ಲ.

“ಇದೇನ್ರಿ, ಈಗ ಉಂಡೆದ್ದೀರಲ್ಲ?” ಎಂದು ಹೆಂಡತಿ ಮೊದಲು ನಕ್ಕಳು. ಆಮೇಲೆ ಬೈದಳು. ಆಮೇಲೆ ಬೆಲ್ಲ, ಶೇಂಗಾ, ಉಂಡೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ವಾಕಿಂಗ್ ನೆಪದಲ್ಲಿ ನಾನು ನಮ್ಮ ಮನೆಯಿರುವ ಎಸ್.ಎಸ್. ಬಡಾವಣೆಯಿಂದ ದೂರ, ಗುರುತಿನವರಿಲ್ಲದ ಬೀದಿಗೆ ಹೋಗಿ, ರಸ್ತೆಗೆ ಬೆನ್ನು ಮಾಡಿ ನಿಂತು ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆ. ಪಾರ್ಕಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದೆ. ವಯಸ್ಸಾದ ಮೇಲೆ ನಾಲಿಗೆ ಸಡಿಲವಾಯಿತು, ಇದು ನನ್ನ ಚಟ ಎಂದುಕೊಂಡೆ. ಡಾಕ್ಟರಿಗೆ ಹೇಳುವಂಥದ್ದು ಎಂದು ಹೊಳೆಯಲೇ ಇಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲ.

ಆ ವರ್ಷ ಹಿರಿಯರ ಹಬ್ಬಕ್ಕೆ ಹರಿಹರದ ಗೆಳೆಯ ಕರೆದ. ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದವನು. ಅವನ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಗಂಟಲಿನ ಕಾಯಿಲೆ, ಕೊನೆಯ ತಿಂಗಳುಗಳಲ್ಲಿ ಮೂಗಿನ ನಳಿಗೆಯಿಂದಲೇ ಗಂಜಿ. “ಅವ್ವ ಉಪವಾಸ ಹೋದಳು ಮೇಷ್ಟ್ರೆ” ಎಂದು ಅವನು ಸಿಕ್ಕಾಗಲೆಲ್ಲ ಅನ್ನುತ್ತಿದ್ದ. ನನ್ನ ಹೆಂಡತಿಗೆ ಮಂಡಿನೋವು, ನಾನೊಬ್ಬನೇ ಬಸ್ಸಿನಲ್ಲಿ ಹೋದೆ.

ನಡುಮನೆಯಲ್ಲಿ ತಾಯಿಯ ಫೋಟೋ ಮುಂದೆ ಬಾಳೆಲೆ ಹಾಸಿ, ಅವರಿಗೆ ಸೇರುತ್ತಿದ್ದುದನ್ನೆಲ್ಲ ಎಡೆ ಇಟ್ಟರು. ತುಪ್ಪ ಹಾಕಿದ ಹೋಳಿಗೆ ಎಲೆಯ ಬಲಗಡೆ ಇತ್ತು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗುಲಿಗೆ ಬಂದು ಕೂತೆವು. ನಾನು ಬಚ್ಚಲಿಗೆಂದು ಹಿತ್ತಲ ಕಡೆ ಹೋದೆ. ವಾಪಸು ಬರುವಾಗ ಅಡುಗೆಮನೆಯಿಂದ ನಡುಮನೆಗೆ ಇನ್ನೊಂದು ಬಾಗಿಲು ಇರುವುದು ಕಂಡಿತು.

ಬೆಳಗಿನ ತಿಂಡಿ ಅವರ ಮನೆಯಲ್ಲೇ ಗಟ್ಟಿಯಾಗಿ ಆಗಿತ್ತು. ಹೊಟ್ಟೆ ಹಸಿದಿರಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಆದರೂ ಬಾಗಿಲು ತಳ್ಳಿದೆ, ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ, ಹೋಳಿಗೆ ಮಡಿಚಿ ಬಾಯಿಗಿಟ್ಟೆ. ಕೈ ಒಂಚೂರೂ ನಡುಗಲಿಲ್ಲ.

ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಗೆಳೆಯನ ಹೆಂಡತಿ ನಿಂತಿದ್ದಳು. ಕೈಯಲ್ಲಿ ನೀರಿನ ತಂಬಿಗೆ. ಬಾಯಿ ತುಂಬಿದ್ದರಿಂದ ನನಗೆ ಮಾತಾಡಲೂ ಆಗಲಿಲ್ಲ. ಅವಳು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು, ಅಷ್ಟೇ.

ಸ್ವಲ್ಪ ಹೊತ್ತಿಗೆ ಗೆಳೆಯ ಮುಂಬಾಗಿಲು ತೆರೆದ. ಎಲೆಯನ್ನು ನೋಡಿದ. “ಅವ್ವ ಬಂದಿದ್ಲು!” ಎಂದು ಕೂಗಿದ. “ಹೋಳಿಗಿ ತಿಂದು ಹೋಗ್ಯಾಳ, ಬರ್ರಿ ಎಲ್ಲಾರೂ ನೋಡ್ರಿ!” ಅರವತ್ತು ದಾಟಿದ ಮನುಷ್ಯ ಎಲೆಯ ಮುಂದೆ ಕೂತು ಚಿಕ್ಕ ಹುಡುಗನಂತೆ ಅತ್ತ. ನನ್ನನ್ನು ತಬ್ಬಿಕೊಂಡ. ನನ್ನ ಬಾಯಿಂದ ತುಪ್ಪದ ವಾಸನೆ ಬರುತ್ತಿತ್ತೋ ಏನೋ, ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಮುಂದಿನ ತಪಾಸಣೆಗೆ ಹೆಂಡತಿಯೂ ಬಂದಳು. ಡಾಕ್ಟರು ಮಾಮೂಲಿನಂತೆ, “ಹೊಸದಾಗಿ ಏನಾದರೂ ಬದಲಾವಣೆ?” ಎಂದರು. “ಏನಿಲ್ಲ” ಎಂದೆ. “ಐತ್ರಿ ಮೇಡಂ” ಎಂದಳು ಹೆಂಡತಿ. “ತಿನ್ನೋದು. ನಾನು ಬೀಗ ಹಾಕೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ತುಂಬ ವಿವರ ಕೇಳಿದರು. ಆಮೇಲೆ ಹೇಳಿದರು: “ಹೊಟ್ಟೆ ಖಾಲಿಯಾದಾಗ ರಕ್ತಕ್ಕೆ ಗ್ರೆಲಿನ್ ಅನ್ನೋ ಹಾರ್ಮೋನು ಬಿಡ್ತದೆ ಸರ್. ಮಿದುಳಿನ ಕೆಲವು ಕೋಶಗಳ ಮೇಲೆ ಅದನ್ನ ಹಿಡಿಯೋ ಗ್ರಾಹಕಗಳು, ಅಂದ್ರೆ ರಿಸೆಪ್ಟರುಗಳು ಇರ್ತವೆ. ಅದೇ ಕೋಶಗಳಲ್ಲಿ ಕೆಲವದರ ಮೇಲೆ ನಿಮ್ಮ ಕಾಯಿಲೇಲಿ ಕಮ್ಮಿಯಾಗೋ ಡೋಪಮಿನ್ ಹಿಡಿಯೋ ಗ್ರಾಹಕಾನೂ ಇರ್ತದೆ. ನಿಮ್ಮ ಮಾತ್ರೆ ತಟ್ಟೋದು ಈ ಎರಡನೇದನ್ನ. ಇವೆರಡೂ ಜೋಡಿಯಾಗಿ ನಿಂತಾಗ, ಹಸಿವಿನ ಹಾರ್ಮೋನು ಬರದೇ ಇದ್ರೂ, ಡೋಪಮಿನ್ನಿನ ಸಂದೇಶ ಕೋಶದ ಒಳಗೆ ಬೇರೆ ದಾರಿ ಹಿಡೀತದೆ ಅಂತ ಇಲಿಗಳಲ್ಲಿ ಕಂಡಿದ್ದಾರೆ. ಹೊಟ್ಟೆ ತುಂಬಿದ್ರೂ ಬೇಕು ಅನ್ಸೋದಕ್ಕೂ ಇದಕ್ಕೂ ನಂಟಿರಬಹುದು.”

“ಹಂಗಾದ್ರೆ ನಂದೂ ಅದೇನಾ?”

“ಅದು ಗೊತ್ತಿಲ್ಲ, ಇನ್ನೂ ಹುಡುಕ್ತಿದಾರೆ. ಈ ಮಾತ್ರೆಯಿಂದ ಕೆಲವರಿಗೆ ತಿನ್ನೋದು ಕೈಮೀರ್ತದೆ, ಅದು ಮಾತ್ರ ಗೊತ್ತಿರೋ ವಿಷಯ. ಶುರುವಿನಲ್ಲೇ ನಾನು ನಿಮಗೆ ಹೇಳಿದ್ದೆ ಸರ್. ನೀವು ಯಾಕೆ ಹೇಳಲಿಲ್ಲ?”

“ನಾಚಿಕೆ ಆತು” ಎಂದೆ.

ಆಟೋದಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ರೋಗಕ್ಕ ಬೈದಂಗಾತಲ್ರಿ ನಾನು” ಎಂದಳು. ನನಗೂ ಹಗುರಾಗಬೇಕಿತ್ತು. ಆದರೆ ಆ ಹೋಳಿಗೆ ಬಹಳ ರುಚಿಯಾಗಿತ್ತು. ಆ ರುಚಿಯನ್ನು ಕಣ್ಣುಮುಚ್ಚಿ ಅನುಭವಿಸಿದವನು ನಾನು. ಅದನ್ನು ಯಾವ ಗ್ರಾಹಕದ ತಲೆಗೆ ಕಟ್ಟಲಿ?

ಮಾತ್ರೆ ಇಳಿಸುತ್ತ ಬಂದರು. ಹಸಿವು ಮೊದಲಿನ ಅಳತೆಗೆ ಬಂತು, ಕೈ ಮತ್ತೆ ನಡುಗಿತು. ಗೆಳೆಯನಿಗೆ ಎಲ್ಲ ಹೇಳಿಬಿಡಬೇಕೆಂದು ಹರಿಹರಕ್ಕೆ ಹೋದೆ. ಅವನು ಪೇಟೆಗೆ ಹೋಗಿದ್ದ. ಅವನ ಹೆಂಡತಿ ಚಾಪೆ ಹಾಸಿ, “ಕೂಡ್ರಿ ಅಣ್ಣಾರೆ” ಎಂದಳು. ಡಾಕ್ಟರು ಹೇಳಿದ್ದನ್ನೆಲ್ಲ ತೊದಲುತ್ತ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಕಾಯಿಲೆ ಅಂತ ನನಗ ಅವತ್ತೇ ಅನ್ಸಿತ್ತು. ನೀವು ಅಂಥೋರಲ್ಲ” ಎಂದಳು. “ಆದ್ರ ಅವರಿಗೆ ಹೇಳಬ್ಯಾಡ್ರಿ. ಅವ್ವ ಉಂಡು ಹೋದ್ಲು ಅಂತ ಅವತ್ತಿನಿಂದ ನಿದ್ದಿ ಮಾಡ್ತಾರ. ನೀವು ಹೇಳಿ ಹಗುರಾಗ್ತೀರಿ. ಆಮ್ಯಾಲೆ ಅವರು ಹೆಂಗೆ ಮಲಗಬೇಕು?”

ಗೆಳೆಯ ಬರುವಷ್ಟರಲ್ಲಿ ಚಹಾ ಕುಡಿದು ಎದ್ದುಬಂದೆ.

ಈ ವರ್ಷವೂ ಹಬ್ಬಕ್ಕೆ ಅವನು ತಪ್ಪದೆ ಕರೆದ. “ಅವತ್ತು ನೀವೂ ಇದ್ರಿ, ಬರಲೇಬೇಕು” ಎಂದ. ಜಗುಲಿ ಬಿಟ್ಟು ನಾನು ಕದಲಲಿಲ್ಲ. ಬಾಗಿಲು ತೆರೆದಾಗ ಎಲೆಯ ಮೇಲೆ ಎಲ್ಲವೂ ಇಟ್ಟದ್ದು ಇಟ್ಟಂತೆಯೇ ಇತ್ತು. ಗೆಳೆಯ ಬಗ್ಗಿ ಹೋಳಿಗೆಯ ಅಂಚನ್ನು ನೋಡಿದ.

“ಈ ಸಲ ಮುಟ್ಟೇ ಇಲ್ಲ ನೋಡ್ರಿ ಮೇಷ್ಟ್ರೆ. ನಮ್ಮದೇನಾರ ತಪ್ಪಾತೇನು?”

“ಹೋದ ವರ್ಷ ಹೊಟ್ಟಿ ತುಂಬೈತೆ ಅವರಿಗೆ. ಇನ್ನ ಬೇಕಾಗಿಲ್ಲ” ಎಂದಳು ಅವನ ಹೆಂಡತಿ, ನನ್ನತ್ತ ನೋಡದೆ. ಅವನು ತಲೆಯಾಡಿಸಿದ. ಪೂರ್ತಿ ನಂಬಿದಂತೆ ಕಾಣಲಿಲ್ಲ.

ಊಟಕ್ಕೆ ಕೂತಾಗ ನನ್ನ ಕೈ ನಡುಗಿ ಹೋಳಿಗೆ ಮುರಿಯಲು ಬರಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ತನ್ನ ಎಲೆ ಬಿಟ್ಟು, ನನ್ನದನ್ನು ಮುರಿದು, ತುಪ್ಪದಲ್ಲಿ ಅದ್ದಿ ಅಂಗೈಯಲ್ಲಿಟ್ಟ. “ಉಣ್ರಿ, ಸಂಕೋಚ ಬ್ಯಾಡ” ಎಂದ. ತಲೆ ತಗ್ಗಿಸಿಕೊಂಡೇ ಉಂಡೆ.