ಪಾರ್ಥಸಾರಥಿ ಮೇಷ್ಟ್ರ ಹೇಳಿಕೆ

ಹಳೇಬೀಡಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಪಾರ್ಥಸಾರಥಿ ಮೇಷ್ಟ್ರು ಹತ್ತೊಂಬತ್ತು ವರ್ಷಗಳಲ್ಲಿ ಒಂದು ಮಗುವಿನ ಮೇಲೂ ಕೈಯೆತ್ತಿದವರಲ್ಲ. ಊರವರು ಅದನ್ನು ಹೊಗಳಿದರೆ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದರು. ಬೇಲೂರಿನ ಮನೆಯಲ್ಲಿ ಹೆಂಡತಿ ಮೇಧಿನಿಯ ಮೇಲೆ ಎರಡು ಸಲ ಕೈಯೆತ್ತಿದ್ದು ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ಸಲ ಊರಿಗೇ ಗೊತ್ತಾಯಿತು.

ಮೇಧಿನಿ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಬಡ್ತಿ ಕೊಟ್ಟು ಅರಸೀಕೆರೆಗೆ ಹಾಕಿದಾಗ ಗಂಡನನ್ನು ಕೇಳದೆ ಒಪ್ಪಿಗೆ ಬರೆದುಕೊಟ್ಟಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅದಕ್ಕೇ ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರು ಅವಳ ಕೈ ತಿರುಚಿ ನೂಕಿದರು. ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ನಾಲ್ಕು ಹೊಲಿಗೆ ಹಾಕಿಸಿಕೊಂಡವಳು ಆಸ್ಪತ್ರೆಯಿಂದ ನೇರ ಪೊಲೀಸ್ ಠಾಣೆಗೆ ಹೋದಳು.

ಜಾಮೀನು ಕೊಡಿಸಿದ ವಕೀಲ ಕುಮಾರಸ್ವಾಮಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಮೇಷ್ಟ್ರೇ, ಇಂಥ ಕೇಸಲ್ಲಿ ಇರೋದೇ ಮೂರು ದಾರಿ. ನಾನು ಮನೇಲೇ ಇರ್ಲಿಲ್ಲ ಅನ್ಬೇಕು. ಇಲ್ಲಾ, ಅವರೇ ಜಾರಿ ಬಿದ್ರು ಅನ್ಬೇಕು. ಅದೂ ಇಲ್ಲಾಂದ್ರೆ ಅವರೇ ಮೊದ್ಲು ಮೇಲೆ ಬಿದ್ರು, ನಾನು ತಡೆದೆ ಅಷ್ಟೇ ಅನ್ಬೇಕು. ಪಕ್ಕದ ಮನೆಯವ್ರು ನಿಮ್ಮನ್ನ ನೋಡವ್ರೆ, ಮೊದಲ್ನೇದು ನಡೆಯಲ್ಲ. ಅದಿರ್ಲಿ, ಕೈಮೇಲೆ ಅದೇನು ಗೀರು?"

ಕೈ ತಿರುಚುವಾಗ ಒಡೆದ ಬಳೆಯ ಚೂರು ಕುಯ್ದ ಗಾಯ ಅದು. ಬಾಯಿಗೆ ಬಂದದ್ದು ಬೇರೆ.

"ಅವಳೇ ಪರಚಿದ್ಲು."

"ಮೊದ್ಲೇ ಹೇಳೋದಲ್ವೇ!" ಎಂದು ವಕೀಲರು ಕೂಡಲೇ ಗಾಯದ ಫೋಟೊ ತೆಗೆಸಿದರು.

ಒಮ್ಮೆ ಆಡಿದ ಸುಳ್ಳನ್ನು ಎಲ್ಲ ಕಡೆಯೂ ಆಡಬೇಕಾಯಿತು. ನೆಂಟರು ನಂಬಿದರು. ಮೇಧಿನಿ ಅರಸೀಕೆರೆಗೆ ಹೋದ ಮೇಲೆ ಮಗನ ಅಡುಗೆಗೆಂದು ಬಂದಿದ್ದ ತಾಯಿ ಯದುಗಿರಿಯಮ್ಮ, "ಅವಳ ಜೋರು ನನಗೆ ಮೊದಲಿಂದ ಗೊತ್ತು ಕಣೋ" ಎಂದು ಬಡಿಸುತ್ತಲೇ ಸೊಸೆಯನ್ನು ಬೈಯುತ್ತಿದ್ದರು. ಮೇಷ್ಟ್ರು ತಲೆತಗ್ಗಿಸಿ ಉಣ್ಣುತ್ತಿದ್ದರು. ಮಗ ನೊಂದಿದ್ದಾನೆಂದು ತಾಯಿ ಇನ್ನಷ್ಟು ತುಪ್ಪ ಹಾಕುತ್ತಿದ್ದರು.

ಒಂದೂವರೆ ವರ್ಷಕ್ಕೆ ವಿಚಾರಣೆ ಬಂತು. ಸಾಕ್ಷಿಕಟ್ಟೆಯಲ್ಲಿದ್ದ ಮೇಧಿನಿಗೆ ವಕೀಲರು ಆ ಫೋಟೊ ತೋರಿಸಿದರು. "ಇದು ನೀವು ಪರಚಿದ್ದು. ಅವರು ತಡೆದಾಗ ನೀವೇ ಆಯ ತಪ್ಪಿ ಬಿದ್ರಿ. ನಿಜ ತಾನೇ?"

ಅವಳು ಫೋಟೊವನ್ನು ಬಹಳ ಹೊತ್ತು ನೋಡಿದಳು.

"ಇದು ನನ್ನ ಬಳೆ ಕುಯ್ದದ್ದು. ಚೂರು ಒಳಗೇ ಉಳಿದಿತ್ತು. ನಾನೇ ತೆಗೆದು ಅರಿಶಿನ ಒತ್ತಿದೆ. ಆಮೇಲೆ ನನ್ನ ಹಣೆ ಒರೆಸಿಕೊಂಡೆ. ಬೇಕಾದ್ರೆ ಅವರನ್ನೇ ಕೇಳಿ."

ಮೇಷ್ಟ್ರು ಅದನ್ನು ಮರೆತಿರಲಿಲ್ಲ. ಅರಿಶಿನ ಹಚ್ಚುವಾಗ ಅವಳ ಹಣೆಯ ರಕ್ತ ತಮ್ಮ ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿದ್ದೂ ನೆನಪಿತ್ತು. ಕೋರ್ಟಿನಲ್ಲಿ ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಆದರೂ ಮುಖ ಎತ್ತಲಾಗಲಿಲ್ಲ.

ಆರೋಪಿಯ ಹೇಳಿಕೆ ಬರೆದುಕೊಳ್ಳುವ ದಿನ ಬಂತು. "ಏನ್ ಕೇಳಿದ್ರೂ ಸುಳ್ಳು ಅನ್ನಿ, ಸಾಕು" ಎಂದು ವಕೀಲರು ಹೇಳಿಕೊಟ್ಟರು. ನ್ಯಾಯಾಧೀಶೆ ಸಾಕ್ಷ್ಯವನ್ನು ಒಂದೊಂದಾಗಿ ಓದಿ ಕೇಳಿದರು.

"ನೀವು ಅವರ ಕೈ ತಿರುಚಿ ನೂಕಿದಿರಿ ಅಂತ ಸಾಕ್ಷಿ ಇದೆ. ಏನು ಹೇಳ್ತೀರಿ?"

"ನಿಜ."

ವಕೀಲರು ಧಡಕ್ಕನೆ ಎದ್ದರು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಉತ್ತರ ಕೊಡಲೇಬೇಕು ಅಂತ ಬಲವಂತ ಇಲ್ಲ. ಯೋಚಿಸಿ ಹೇಳಿ."

"ಯೋಚಿಸಿದ್ದೀನಿ, ಮೇಡಂ. ಅವಳು ಪರಚಲಿಲ್ಲ. ಅದು ನಾನು ಕಟ್ಟಿದ ಕಥೆ."

ಮೇಷ್ಟ್ರು ತಪ್ಪಿತಸ್ಥರೆಂದು ತೀರ್ಪಾಯಿತು. ಹಿಂದೆ ಬೇರೆ ಕೇಸಿರಲಿಲ್ಲವಾದ್ದರಿಂದ ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಇಲಾಖೆಯ ವಿಚಾರಣೆ ಇನ್ನೂ ನಡೆಯುತ್ತಿದೆ.

ಕೋರ್ಟಿಗಿಂತ ಕಷ್ಟವಾದದ್ದು ಹೇಳಿಕೆ ಕೊಟ್ಟ ದಿನ ತಾಯಿಯ ಮುಂದೆ ನಿಲ್ಲುವುದು. ಎಲ್ಲ ಕೇಳಿ ಯದುಗಿರಿಯಮ್ಮ ಗೋಡೆ ಹಿಡಿದು ಕುಳಿತರು. "ಇಷ್ಟು ದಿನ ನನ್ನ ಬಾಯಲ್ಲಿ ಅವಳನ್ನ ಬೈಸಿದೆಯಲ್ಲೋ" ಎಂದಷ್ಟೇ ಅಂದರು. ಮಗನಿಂದಲೇ ಅರಸೀಕೆರೆಗೆ ಫೋನ್ ಹಚ್ಚಿಸಿ, "ತಪ್ಪಾಯ್ತಮ್ಮಾ" ಎಂದು ಅತ್ತರು.

"ನೀವು ಅಳಬೇಡಿ ಅಮ್ಮ. ಮಾತ್ರೆ ತಗೊಂಡ್ರಾ?" ಎಂದಳು ಮೇಧಿನಿ.

ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರ ಬಗ್ಗೆ ಅವಳು ಏನನ್ನೂ ಕೇಳಲಿಲ್ಲ.