ರೆನಿಟಾಳ ಒಂದೇ ಒಂದು ಪೇಪರ್

ಬೆಳಗಿನ ಐದೂಮುಕ್ಕಾಲು. ದೋಹಾ ಪಕ್ಕದ ಅಲ್ ರಯ್ಯಾನ್‌ನ ಶಾಲೆಯೊಂದರ ಲೈಬ್ರರಿಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಮಕ್ಕಳ ಬಸ್ಸು ಬರಲು ಇನ್ನೂ ಒಂದು ಗಂಟೆಯಿದೆ. ಲೈಬ್ರರಿ ಸಹಾಯಕಿ ರೆನಿಟಾ, ನಿನ್ನೆ ವಾಪಸು ಬಂದ ಪುಸ್ತಕಗಳನ್ನು ಕೌಂಟರಿನ ಒಂದು ಬದಿಗೆ ಸರಿಸಿ, ಲ್ಯಾಪ್‌ಟಾಪ್ ತೆರೆದು ಎಣಿಸತೊಡಗುತ್ತಾಳೆ. ಎಣಿಸುವುದು ಲೈಬ್ರರಿ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡುವವರ ಸಂಶೋಧನಾ ಪೇಪರುಗಳನ್ನು. ಯಾರು, ಯಾವಾಗ, ಯಾರ ಜೊತೆ ಸೇರಿ ಬರೆದರು ಎಂಬುದೇ ಆಕೆಯ ಪಿಎಚ್‌ಡಿ ವಿಷಯ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ಕೌಂಟರಿನ ಈಚೆ ಕೂತಿರುವ ನಾನು ಮೊದಲೇ ಹೇಳಿಬಿಡುತ್ತೇನೆ, ಈಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮಂಗಳೂರು ಕಡೆಯ ಒಬ್ಬರೇ ಗೈಡ್ ಹತ್ತಿರ ನಾವಿಬ್ಬರೂ ಒಟ್ಟಿಗೆ ಸೇರಿದವರು. ನಾನು ನಾಲ್ಕೇ ವರ್ಷದಲ್ಲಿ ಡಾಕ್ಟರ್ ಆದೆ. ನನ್ನ ಹೆಸರಿನಲ್ಲಿ ಹದಿನಾಲ್ಕು ಪೇಪರುಗಳಿವೆ, ಇಲ್ಲೇ ಹತ್ತಿರದ ಲುಸೈಲ್‌ನಲ್ಲಿ ಒಳ್ಳೆಯ ಕೆಲಸವಿದೆ. ಕಾರ್ಕಳದ ರೆನಿಟಾಳಿಗೆ ಇದು ಎಂಟನೆಯ ವರ್ಷ, ಇರುವುದು ತಾನೊಬ್ಬಳೇ ಬರೆದ ಒಂದೇ ಪೇಪರ್. ಆದರೂ ಉರಿಯುವುದು ನನಗೇ.

ಆಕೆಯ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ವಿದ್ಯಾರ್ಥಿಗಳಿದ್ದಾರೆ. ಹತ್ತರಲ್ಲಿ ಆರು ಪೇಪರುಗಳು ಪ್ರಬಂಧ ಒಪ್ಪಿಸುವ ಕೊನೆಯ ವರ್ಷದ ಗಡಿಬಿಡಿಯಲ್ಲಿ ಹುಟ್ಟಿದವು. ಒಂದೊಂದು ಗುಂಪಿನ ಪೇಪರುಗಳ ಮೇಲೂ ಬರೆದವರೆಂದು ಅವೇ ನಾಲ್ಕು ಹೆಸರುಗಳು ಜಾಗ ಬದಲಿಸಿಕೊಂಡು ಕೂತಿರುತ್ತವೆ.

“ಗದ್ದೆಗೆ ಮುಯ್ಯಾಳು ಹೋದ ಹಾಗೆ ಇದು, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನನ್ನದರಲ್ಲಿ ನಿನ್ನ ಹೆಸರು, ನಿನ್ನದರಲ್ಲಿ ನನ್ನ ಹೆಸರು. ಮುಯ್ಯಾಳು ಬಂದವರು ಕೆಲಸ ಆದ್ರೂ ಮಾಡ್ತಾರೆ,” ಎಂದು ರೆನಿಟಾ ನಗುತ್ತಾಳೆ.

ವಿದ್ಯಾರ್ಥಿಗಳ ಹೆಸರಿನ ಬದಲು ಬರೀ ನಂಬರ್ ಹಾಕಿದ ಆ ಪಟ್ಟಿಯ ನಲವತ್ತೇಳನೆಯ ಸಾಲು ನಾನು. ನನ್ನ ಹದಿನಾಲ್ಕರಲ್ಲಿ ಒಂಬತ್ತಕ್ಕೆ ನಾನು ಒಂದಕ್ಷರವನ್ನೂ ಬರೆದಿಲ್ಲ.

ಎರಡು ಪೇಪರ್ ಇಲ್ಲದೆ ಪ್ರಬಂಧ ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ವಿಭಾಗದ ನಿಯಮ. ಈ ತಿಂಗಳು ಕಳೆದರೆ ರೆನಿಟಾಳ ನೋಂದಣಿ ರದ್ದಾಗುತ್ತದೆ. ಎರಡನೆಯದನ್ನು ಕಳಿಸಿ ಉತ್ತರಕ್ಕೆ ಕಾಯುತ್ತಿದ್ದಾಳೆ. ಹೋದ ವಾರ ನಾನೇ ಫೋನ್ ಮಾಡಿ, ಅಚ್ಚಿಗೆ ಹೋಗುತ್ತಿರುವ ನನ್ನ ಪೇಪರಿಗೆ ನಿನ್ನ ಹೆಸರನ್ನೂ ಸೇರಿಸುತ್ತೇನೆ ಎಂದಿದ್ದೆ. ಅದೇನು ಕರುಣೆಯಲ್ಲ, ಇವಳೂ ನಮ್ಮ ಹಾಗೇ ಆಗಲಿ ಎಂಬ ಆಸೆ.

“ಬೇಡ ಮಾರಾಯ್ತಿ. ಮತ್ತೆ ಪಟ್ಟಿಯಲ್ಲಿ ನನ್ನನ್ನೂ ಎಣಿಸ್ಬೇಕಾಗ್ತದೆ,” ಎಂದು ಫೋನ್ ಇಟ್ಟಿದ್ದಳು.

ಇವತ್ತು ಡ್ರಾಯರಿನಿಂದ ಒಂದು ಹಾಳೆ ತೆಗೆದು ತೋರಿಸುತ್ತಾಳೆ. ದೋಹಾದ ಕಾಲೇಜೊಂದರ ಲೈಬ್ರೇರಿಯನ್ ನಹ್ಲಾ ಎಂಬವರ ಇಮೇಲ್ ಅದು. ರೆನಿಟಾಳ ಪೇಪರಿನ ಮೂರನೆಯ ಕೋಷ್ಟಕದಲ್ಲಿ ಮೊತ್ತ ಕೂಡಿಸಿದ್ದು ತಪ್ಪಾಗಿದೆ ಎಂದು ಬರೆದಿದ್ದಾರೆ.

“ನೋಡು, ಕೂತು ಓದಿದ್ದಾರೆ! ಕೂಡಿಸಿ ಸಹ ನೋಡಿದ್ದಾರೆ!”

ನನ್ನ ಹದಿನಾಲ್ಕರಲ್ಲಿ ಇವತ್ತಿನವರೆಗೆ ಯಾರೂ ಒಂದು ತಪ್ಪನ್ನೂ ಹುಡುಕಿಲ್ಲ. ಓದಿದರೆ ತಾನೇ ಹುಡುಕುವುದು! ಆ ಹಾಳೆಯನ್ನು ಕಸಿದುಕೊಂಡು ಓಡಬೇಕು ಎನಿಸುತ್ತದೆ.

ಗೇಟಿನಲ್ಲಿ ಮೊದಲ ಬಸ್ಸು ನಿಲ್ಲುತ್ತದೆ. ಎರಡನೆಯದು ಒಪ್ಪಿಗೆಯಾಗದಿದ್ದರೆ ಈ ಎಂಟು ವರ್ಷ ದಂಡವಲ್ಲವೇ ಎಂದು ಕೇಳುತ್ತೇನೆ. ರೆನಿಟಾ ಲ್ಯಾಪ್‌ಟಾಪ್ ಮುಚ್ಚುತ್ತಾಳೆ.

“ಬಂದ್ರೆ ಬಂತು, ಇಲ್ದಿದ್ರೆ ಖಲಾಸ್. ಒಂದಾದ್ರೂ ಉಂಟಲ್ಲ. ಅದರಲ್ಲಿ ತಪ್ಪುಂಟು ಅಂತ ಯಾರಾದ್ರೂ ಬೈಯುವುದಾದ್ರೆ, ನನ್ನೊಬ್ಬಳಿಗೇ ಬೈಬೇಕು.”